ಗೇಟು ಮುಚ್ಚುವ ದಿನ

ಕೋಲು ಹಿಡಿದು ಗುಡ್ಡ ಹತ್ತಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಲು ಸರಿಯಿಲ್ಲದವರಿಗೆ ಕೋಲು ಬೇಕು, ಕುರಿ ಕಾಯುವವರಿಗೆ ಬೇಕು, ಒಪ್ಪುತ್ತೇನೆ. ಇವರ ಕಾಲುಗಳು ಕಂಬದ ಹಾಗೆ ಗಟ್ಟಿಯಾಗಿವೆ, ಆದರೂ ಕೈಗೊಂದೊಂದು ಕೋಲು. ವಾರವೆಲ್ಲ ಕುರ್ಚಿಗೆ ಅಂಟಿಕೊಂಡು ಹಾಳು ಮಾಡಿಕೊಂಡ ಸೊಂಟವನ್ನು ಭಾನುವಾರ ನಮ್ಮ ಹುಲ್ಲುಗಾವಲಿನಲ್ಲಿ ರಿಪೇರಿ ಮಾಡಿಸಿಕೊಳ್ಳಲು ಬರುತ್ತಾರೆ. ಬಂದು ಸುಮ್ಮನೆ ನಡೆದು ಹೋದರೆ ಸರಿ. "ಎಷ್ಟು ಪ್ರಶಾಂತವಾಗಿದೆ ಅಲ್ವಾ ಇಲ್ಲಿ!" ಎಂದು ಗುಡ್ಡದ ಆಚೆ ಬದಿಗೂ ಕೇಳುವ ಹಾಗೆ ಕಿರುಚುತ್ತಾರೆ. ಮನೆಯಲ್ಲಿ ನಾವು ಇವರಿಗೆ ಇಟ್ಟ ಹೆಸರು ಕೋಲಿನವರು.

"ಪಾಪ, ಗಾಳಿ ಕುಡಿಯೋಕೆ ಬರ್ತಾರೆ. ನಿನಗ್ಯಾಕೆ ಅಷ್ಟು ಸಿಟ್ಟು?" ಎಂದು ನನ್ನ ಗಂಡ ನಗುತ್ತಾರೆ. ಅವರದು ತಣ್ಣನೆಯ ಸ್ವಭಾವ. ಟಗರು ಗುದ್ದಿ ಬೀಳಿಸಿದರೂ ಎದ್ದು ಪ್ಯಾಂಟು ಕೊಡವಿಕೊಂಡು ಟಗರಿನ ಕ್ಷೇಮ ವಿಚಾರಿಸುವ ಪೈಕಿ. ಗಾಳಿಯನ್ನಷ್ಟೇ ಕುಡಿದು ಹೋಗುವುದಾದರೆ ನನ್ನ ಗಂಟೇನೂ ಹೋಗುವುದಿಲ್ಲ. ನನ್ನ ತಕರಾರಿರುವುದು ತಗ್ಗಿನ ವಿಷಯದಲ್ಲಿ.

ನಮ್ಮದು ಕುರಿ ಸಾಕಣೆ. ಮನೆಯ ಹಿಂದೆ ಗುಡ್ಡ, ಗುಡ್ಡದ ನಡುವಿನಲ್ಲಿ ಒಂದು ತಗ್ಗು. ನಮ್ಮ ಇಡೀ ಜಮೀನಿನಲ್ಲಿ ಗಾಳಿ ಹೊಡೆಯದ ಜಾಗ ಅದೊಂದೇ. ಚಳಿ ಇನ್ನೂ ಹಿಂದೆಗೆಯುವ ಮೊದಲೇ ಕುರಿಗಳು ಈಯಲು ಶುರು ಮಾಡುತ್ತವೆ. ಹುಟ್ಟಿದ ಮರಿಯ ಒದ್ದೆ ಮೈ ಒಣಗಿ, ಅದು ಎದ್ದು ನಿಂತು ತಾಯಿಯ ಮೊಲೆ ಹಿಡಿಯುವ ತನಕ ಗಾಳಿ ಸೋಕಬಾರದು. ಅದಕ್ಕೇ ಗಬ್ಬದ ಕುರಿಗಳನ್ನೆಲ್ಲ ಆ ತಗ್ಗಿಗೆ ಇಳಿಸುತ್ತೇವೆ. ನಮ್ಮ ಗ್ರಹಚಾರಕ್ಕೆ ಗುಡ್ಡದ ನೆತ್ತಿಗೆ ಹೋಗುವ ಕಾಲುದಾರಿಯೂ ಆ ತಗ್ಗಿನ ನಟ್ಟನಡುವೆಯೇ ಹಾದುಹೋಗುತ್ತದೆ. ರಸ್ತೆಯ ಕಡೆಯಿಂದ ಬರುವವರು ನಮ್ಮ ಕಬ್ಬಿಣದ ಗೇಟು ದಾಟಿಯೇ ಒಳಗೆ ಬರಬೇಕು.

ಅಪ್ಪ ಬದುಕಿದ್ದ ಕೊನೆಯ ವರ್ಷ ಒಬ್ಬ ಕೋಲಿನವಳು ತನ್ನ ನಾಯಿಯ ಹಗ್ಗ ಬಿಚ್ಚಿ ಬಿಟ್ಟಳು. ಕುರಿಗಳು ದಿಕ್ಕೆಟ್ಟು ಕಲ್ಲಿನ ಗೋಡೆಗೆ ಹೋಗಿ ಒತ್ತಿಕೊಂಡವು. ನಾನು ಬಾಯಿ ಬಡಿದುಕೊಂಡು ಓಡಿದರೆ ಆಕೆ ಕೈ ಬೀಸಿ, "ಹೆದರಬೇಡಿ, ಅದು ಬರೀ ಆಟ ಆಡ್ತಿದೆ!" ಎಂದಳು. ಆ ವಾರವಿಡೀ ಕುರಿಗಳು ಒಂದರ ಹಿಂದೆ ಒಂದು ದಿನ ತುಂಬುವ ಮೊದಲೇ ಕಂದು ಹಾಕಿದವು. ಕೂದಲು ಕೂಡ ಮೂಡದ ಮರಿಗಳನ್ನು ಬಕೆಟ್ಟಿನಲ್ಲಿ ಹೊತ್ತು ಹೂಳಿದವಳು ನಾನು. ಮುಂದಿನ ವರ್ಷದಿಂದ ಈಯುವ ಕಾಲ ಪೂರ್ತಿ ಗೇಟಿಗೆ ಬೀಗ ಹಾಕಿಯೇ ಸಿದ್ಧ ಎಂದು ಅಲ್ಲೇ ಗುಂಡಿಯ ಪಕ್ಕ ನಿಂತು ತೀರ್ಮಾನಿಸಿದೆ.

ಹಾಗೆ ಬೀಗ ಹಾಕುವ ಅಧಿಕಾರ ನಮಗಿತ್ತು. ಅದು ಉಳಿದಿದ್ದು ಅಪ್ಪನಿಂದ. ಬಯಲು ಜಾಗದ ಕಾನೂನು ನಮ್ಮ ಕಡೆ ಹೀಗಿದೆ: ಒಂದು ದಾರಿಯಲ್ಲಿ ಜನ ಅಡ್ಡಿಯಿಲ್ಲದೆ ವರ್ಷಾನುಗಟ್ಟಲೆ ಓಡಾಡಿದರೆ ಆ ದಾರಿ ಅವರ ಹಕ್ಕಾಗಿಬಿಡುತ್ತದೆ. ಆಮೇಲೆ ಮಾಲೀಕ ಅಲ್ಲೊಂದು ದಾರ ಕಟ್ಟಿದರೂ ತಪ್ಪು. ಹಾಗಾಗಬಾರದು ಎಂದಿದ್ದರೆ ಮಾಲೀಕ ವರ್ಷದಲ್ಲಿ ಒಂದು ದಿನ ಮೊದಲೇ ನೋಟೀಸು ಅಂಟಿಸಿ, ಗೇಟು ಮುಚ್ಚಿ, ಬಂದವರನ್ನು ವಾಪಸ್ ಕಳಿಸಬೇಕು. ಆಗ ಉಳಿದ ದಿನಗಳಲ್ಲಿ ಜನ ನಡೆಯುವುದು ಮಾಲೀಕನ ದಯೆಯಿಂದ ಎಂದಾಗುತ್ತದೆ. ಆ ದಿನ ಮನೆಯವರು, ಕೆಲಸದವರು ಓಡಾಡಬಹುದು. ಹೊರಗಿನವರು ಒಬ್ಬರು ದಾಟಿದರೂ ಮುಚ್ಚಿದ್ದು ಲೆಕ್ಕಕ್ಕಿಲ್ಲ.

ಅಪ್ಪ ಇದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಚಳಿಗಾಲದ ನಡುವೆ ಒಂದು ದಿನ ಗೊತ್ತು ಮಾಡಿ, ಬಸ್ ನಿಲ್ದಾಣದಲ್ಲೂ ಗೇಟಿನ ಮೇಲೂ ನೋಟೀಸು ಅಂಟಿಸುತ್ತಿದ್ದರು. ಆ ದಿನ ಬೆಳಗ್ಗೆಯೇ ಮಡಚುವ ಸ್ಟೂಲು, ಫ್ಲಾಸ್ಕು ಹಿಡಿದು ಹೋಗಿ ಗೇಟಿನ ಒಳಗಡೆ ಕೂತರೆ ಕತ್ತಲಾದ ಮೇಲೇ ಏಳುವುದು. "ಇವತ್ತು ಮುಚ್ಚಿದೆ, ನಾಳೆ ಬನ್ನಿ," ಎಂದು ಬಂದವರಿಗೆಲ್ಲ ಒಂದೇ ಮಾತು. ಯಾರಾದರೂ ಜಗಳಕ್ಕೆ ನಿಂತರೆ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಮಧ್ಯಾಹ್ನದ ಊಟ ಒಯ್ಯುವುದು ನನ್ನ ಕೆಲಸ.

ಇನ್ನು ಅಕ್ಕನ ವಿಷಯ. ಅದನ್ನು ಹೇಳುವಾಗ ನನ್ನ ಧ್ವನಿ ಏರುತ್ತದೆ ಎಂದು ಗಂಡ ಹೇಳುತ್ತಾರೆ. ಏರಲಿ. ಅಕ್ಕ ಹೋಗಿ ಮದುವೆಯಾದದ್ದು ಕೋಲಿನವರ ಸಂಘದ ಮುಖಂಡನನ್ನು. ಬಯಲು ಎಲ್ಲರಿಗೂ ಸೇರಿದ್ದು ಎಂದು ಘೋಷಣೆ ಕೂಗುತ್ತ, ಒಂದು ದಂಡು ಕಟ್ಟಿಕೊಂಡು ಬಂದು ನಮ್ಮ ಗೇಟನ್ನು ಕೀಲು ಸಮೇತ ಕಿತ್ತವನು ಅವನು. ಭಾವ ಎಂದು ಕರೆಯಲು ನಾಲಿಗೆ ಹೊರಳದೆ ನಾನು ಅವನಿಗೆ ಬೂಟುಸಾಹೇಬ ಎಂದು ಹೆಸರಿಟ್ಟಿದ್ದೆ. ಅಕ್ಕ ಅವತ್ತು ಗೇಟಿನ ಆಚೆ ಬದಿಯಲ್ಲಿ, ಆ ದಂಡಿನ ಜೊತೆ ನಿಂತಿದ್ದಳು. ಅದೇ ವಾರ ಉಣ್ಣೆಯ ಮಾರುಕಟ್ಟೆಯಲ್ಲಿ, ಸುತ್ತಮುತ್ತಲ ಕುರಿ ಸಾಕುವವರೆಲ್ಲ ಸೇರಿದ್ದಾಗ ಅಪ್ಪ ಗಟ್ಟಿಯಾಗಿ, "ನನಗಿರೋದು ಒಬ್ಬಳೇ ಮಗಳು. ಇನ್ನೊಬ್ಬಳು ಯಾರೋ ದಾರಿಹೋಕಳು," ಎಂದರು. ಆ ಒಬ್ಬಳೇ ಮಗಳು ನಾನು ಎಂದು ನನ್ನ ಎದೆ ಉಬ್ಬಿತ್ತು.

ಆ ಉಬ್ಬು ಇಳಿದದ್ದು ಮುಂದಿನ ಮುಚ್ಚುವ ದಿನ. ಊಟದ ಡಬ್ಬಿ ಹಿಡಿದು ಹೋಗುತ್ತಿದ್ದೇನೆ, ಗೇಟಿನ ಆಚೆ ಅಕ್ಕ, ಕಂಕುಳಲ್ಲಿ ಮಗು. ಈಗ ಬೈಗುಳದ ಮಳೆ ಸುರಿಯುತ್ತದೆ ಎಂದು ನಾನು ಕಿವಿ ನಿಮಿರಿಸಿ ನಿಂತೆ. ಅಪ್ಪ ಎದ್ದರು, ಜೇಬಿನಿಂದ ಕೀಲಿಕೈ ತೆಗೆದರು, ಬೀಗ ಬಿಚ್ಚಿದರು. ಅವಳು ಒಳಗೆ ಬಂದು, ತಗ್ಗು ದಾಟಿ, ನೆತ್ತಿಯವರೆಗೆ ಹೋಗಿ ಬಂದಳು. ಅಪ್ಪ ಮತ್ತೆ ಬೀಗ ಬಿಚ್ಚಿ ಕಳಿಸಿದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಇದೇ. ಉಳಿದ ದಿನ ಅವಳು ಇತ್ತ ಸುಳಿಯುತ್ತಿರಲಿಲ್ಲ, ಎಲ್ಲರಿಗೂ ಬಾಗಿಲು ಮುಚ್ಚಿದ ಆ ಒಂದು ದಿನವೇ ಬರುತ್ತಿದ್ದಳು.

ನಾನು ಮನೆಯಲ್ಲಿ ಈ ಮಾತು ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಆದರೆ ನುಂಗಿಕೊಂಡದ್ದು ಅರಗಲಿಲ್ಲ. ಕೊನೆಗಾಲದಲ್ಲಿ ಅಪ್ಪನ ಕಾಲಿನ ಹುಣ್ಣು ತೊಳೆದವಳು ನಾನು. ಅವರು ಊಟದ ತಟ್ಟೆ ತಳ್ಳಿದಾಗ ಮತ್ತೆ ಬಡಿಸಿದವಳು ನಾನು, ಉಪ್ಪು ಕಡಿಮೆ ಎಂದು ಬೈಸಿಕೊಂಡವಳೂ ನಾನೇ. ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವವಳಿಗೆ ಕೀಲಿಕೈ, ನನಗೆ ಖಾಲಿ ಡಬ್ಬಿ. ಅಕ್ಕನನ್ನು ನಾನು ದ್ವೇಷಿಸುತ್ತಿದ್ದೆ, ಅದಕ್ಕೆ ಬೇರೆ ಹೆಸರು ಕೊಡುವ ಅಗತ್ಯವಿಲ್ಲ.

ಅಪ್ಪ ತೀರಿಕೊಂಡಾಗ ಪೇಪರಿಗೆ ಸುದ್ದಿ ಕೊಟ್ಟವಳು ನಾನು. 'ಮೃತರು ಒಬ್ಬಳೇ ಮಗಳು ಹಾಗೂ ಅಳಿಯನನ್ನು ಅಗಲಿದ್ದಾರೆ' ಎಂದು ಬರೆಸಿದೆ. ಗಂಡ ಓದಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಬೇಕಿತ್ತಾ?"

"ಅಪ್ಪ ಹೇಳಿದ್ದನ್ನೇ ಹಾಕ್ಸಿದೀನಿ. ನಂದೇನೂ ಸೇರಿಸಿಲ್ಲ."

ಆ ಚಳಿಗಾಲ ಮುಚ್ಚುವ ದಿನ ಬಂತು. ಈ ಸಲ ಸ್ಟೂಲಿನ ಮೇಲೆ ನಾನು ಕೂತೆ. ಇಬ್ಬರು ಕೋಲಿನವರು ಬಂದು ಗೊಣಗಿ ಹೋದರು. ಮಧ್ಯಾಹ್ನ ಅಕ್ಕ ಬಂದಳು. ಒಬ್ಬಳೇ ಬಂದಿದ್ದಳು, ಕೋಲಿರಲಿಲ್ಲ. ನಾನು ಕೂತಿರುವುದನ್ನು ನೋಡಿಯೂ ಗೇಟಿನ ಹತ್ತಿರ ಬಂದಳು.

"ತೆಗೀತೀಯಾ? ಮೇಲೆ ಹೋಗಿ ಬಂದ್ಬಿಡ್ತೀನಿ."

"ಇವತ್ತು ಮುಚ್ಚಿದೆ. ನಾಳೆ ಬನ್ನಿ."

"ಬನ್ನಿ ಅಂತೀಯಾ ನನಗೆ?"

"ದಾರಿಹೋಕರ ಹತ್ತಿರ ಮರ್ಯಾದೆಯಿಂದ ಮಾತಾಡಬೇಕು ಅಂತ ಅಪ್ಪ ಹೇಳಿಕೊಟ್ಟಿದಾರೆ."

ಅವಳ ಮುಖ ಕೆಂಪಾಯಿತು. ಗೇಟಿನ ಸರಳು ಹಿಡಿದುಕೊಂಡು, "ಅಪ್ಪ ಪ್ರತಿ ವರ್ಷ ತೆಗೀತಿದ್ರು. ನೀನೂ ನೋಡಿದೀಯ. ಮರದ ಹಿಂದೆ ನಿಂತು ನೋಡ್ತಿದ್ದೆ, ನನಗೇನು ಗೊತ್ತಿಲ್ವಾ?" ಎಂದಳು.

"ಅಪ್ಪ ಇಲ್ಲ. ಈಗ ಬೀಗ ನಂದು."

"ಒಂದು ಗಂಟೆ. ಅವರು ಹೋದ್ಮೇಲೆ ಮೊದಲನೇ ಸಲ ಬಂದಿದೀನಿ. ಸಾಯೋವಾಗ ಹೇಳಿ ಕಳಿಸಲಿಲ್ಲ ನೀನು. ಮಣ್ಣು ಮಾಡಿದ ಮೇಲೆ ಪೇಪರ್‌ನಲ್ಲಿ ಓದಿದೆ. ಅದರಲ್ಲೂ ನಾನಿಲ್ಲ. ಇಷ್ಟು ಸಾಕಾಗಲಿಲ್ವಾ ನಿನಗೆ?"

ನನಗೆ ಸಾಕಾಗಿರಲಿಲ್ಲ. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

"ಸರಿ. ದಾರಿಹೋಕಳು ಅಂದ್ಯಲ್ಲ, ಹಾಗೇ ಆಗ್ಲಿ," ಎಂದಳು. ಅವಳ ಚಪ್ಪಲಿಯ ಸದ್ದು ರಸ್ತೆಯವರೆಗೆ ಕೇಳಿಸಿತು. ಪೇಪರು ಮಡಚಿದ ಮೇಲೆ ನನಗೆ ಅತ್ಯಂತ ಖುಷಿಯಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಕೋಲಿನವರ ಸಂಘ ಭೂಮಿ ಇಲಾಖೆಗೆ ಅರ್ಜಿ ಹಾಕಿತು. ನಮ್ಮ ಗುಡ್ಡದ ದಾರಿ ಎಂದೋ ಜನರ ಹಕ್ಕಾಗಿದೆ, ಮುಚ್ಚುವ ದಿನ ಎನ್ನುವುದು ಬರೀ ನಾಟಕ, ಏಕೆಂದರೆ ಆ ದಿನವೂ ಒಬ್ಬ ದಾರಿಹೋಕಳನ್ನು ಪ್ರತಿ ವರ್ಷ ಬಿಡಲಾಗಿದೆ ಎನ್ನುವುದು ಅರ್ಜಿಯ ಸಾರ. ಸಾಕ್ಷಿ ಅಕ್ಕ. ನೋಟೀಸು ಓದಿ ನಾನು ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ದಡದಡ ಬಡಿದೆ.

"ಅವಳನ್ನ ಅವತ್ತು ಬಿಟ್ಟಿದ್ರೆ ಇದು ಬರ್ತಿರಲಿಲ್ಲ," ಎಂದರು ಗಂಡ.

"ಗಂಡಸರಿಗೆ ಆಮೇಲೆ ಬುದ್ಧಿ ಬರುತ್ತೆ."

"ನಾನು ಅವತ್ತೇ ಹೇಳಿದ್ದೆ."

ಹೇಳಿದ್ದು ನಿಜ. ಅದಕ್ಕೇ ಇನ್ನೊಂದು ಪಾತ್ರೆ ಬಡಿದೆ.

ವಕೀಲರ ಕಚೇರಿ ಬೇಕರಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಹೊಟ್ಟೆ ಹಸಿಯುವ ಹಾಗೆ ಬ್ರೆಡ್ಡಿನ ವಾಸನೆ. ವಕೀಲರು ಬಾಯಲ್ಲಿ ಪೆಪ್ಪರ್‌ಮಿಂಟು ಆಡಿಸುತ್ತ ಪೂರ್ತಿ ಕಥೆ ಕೇಳಿದರು. ಕೇಳಿ ಕುರ್ಚಿಗೆ ಒರಗಿದರು.

"ನಿಮ್ಮ ತಂದೆಯವರು ಮಾಡಿದ್ದು ಏನು ಅಂತ ಗೊತ್ತಾ? ಬೀಗ ಹಾಕಿ ಕಾವಲು ಕೂತು, ಕೂತವರೇ ಬೀಗ ತೆಗೆದು ಒಬ್ಬರನ್ನ ಕಳಿಸಿದಾರೆ. ಯಾವ ಮಾಲೀಕನೂ ಇಂಥ ತಪ್ಪು ಮಾಡಲ್ಲ."

"ಹಾಗಾದ್ರೆ ನಮ್ಮ ಕಥೆ ಮುಗೀತಾ?"

"ಯಾಕೆ ಮುಗೀಬೇಕು? ಅವರು ನಿಮ್ಮ ಒಡಹುಟ್ಟಿದ ಅಕ್ಕ ತಾನೇ? ಮನೆ ಮಗಳು ತಂದೆನ ನೋಡೋಕೆ ಬಂದ್ಲು, ತಂದೆ ಗೇಟು ತೆಗೆದ್ರು. ಹೊರಗಿನವರು ಯಾರೂ ದಾಟಲಿಲ್ಲ. ಕೇಸು ಬಿದ್ದುಹೋಗುತ್ತೆ. ಅವರ ಕಡೆಯವರು ಏನು ಹೇಳ್ತಾರೆ ಅಂದ್ರೆ, ತಂದೆ ಅವರನ್ನ ಮನೆಯಿಂದ ಹೊರಗೆ ಹಾಕಿದ್ರು, ಸಂಬಂಧ ಕಡಿದಿತ್ತು ಅಂತ. ಮಾರುಕಟ್ಟೆಯ ಮಾತಿಗೆ ಸಾಕ್ಷಿ ಇದೆ, ನೀವು ಪೇಪರಿಗೆ ಕೊಟ್ಟ ಸುದ್ದೀನೂ ತರ್ತಾರೆ. ಅದಕ್ಕೆ ಎದುರಾಗಿ ಮನೆಯೊಳಗಿನ ಸಾಕ್ಷಿ ಬೇಕು. ತಂದೆ ಆಕೆಯನ್ನ ಒಳಗೊಳಗೇ ಮಗಳು ಅಂತಲೇ ನೋಡ್ತಿದ್ರು ಅನ್ನೋದಕ್ಕೆ ಒಂದೇ ಒಂದು ಗುರುತು ಹೇಳಿ, ಸಾಕು. ಅದನ್ನ ಹೇಳಬಲ್ಲವರು ನೀವೊಬ್ಬರೇ."

"ಹೇಳ್ತೀನಿ," ಎಂದೆ. ತಗ್ಗು ಉಳಿಯುವುದಾದರೆ ಬೂಟುಸಾಹೇಬನನ್ನೂ ಭಾವ ಎಂದು ಕರೆಯಲು ಸಿದ್ಧಳಿದ್ದೆ. ಮನೆಗೆ ಬಂದು ಕೊಟ್ಟಿಗೆ ಗುಡಿಸುತ್ತ, ಹಿಂಡಿ ಕಲಸುತ್ತ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. ಅವಳು ನಮ್ಮ ಅಕ್ಕ. ಅಪ್ಪ ಅವಳಿಗಾಗಿ ಕಾಯುತ್ತಿದ್ದರು. ಎರಡು ಸಾಲು, ಶಾಲೆಯ ಮಕ್ಕಳೂ ಒಪ್ಪಿಸಿಬಿಡುತ್ತಾರೆ.

ವಿಚಾರಣೆ ನಡೆದದ್ದು ಗ್ರಂಥಾಲಯದ ಓದುವ ಕೋಣೆಯಲ್ಲಿ. ಪುಸ್ತಕದ ಕಪಾಟುಗಳನ್ನು ಗೋಡೆಗೆ ತಳ್ಳಿ, ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಒಂದು ಕಡೆ ಕೋಲಿನವರ ಸಂಘ. ಅವತ್ತೂ ಕೆಲವರು ಕೋಲು ತಂದಿದ್ದರು, ಗ್ರಂಥಾಲಯದ ಮೆಟ್ಟಿಲು ಹತ್ತುವುದಕ್ಕೆ ಇರಬೇಕು. ಇನ್ನೊಂದು ಕಡೆ ನಾನು, ಗಂಡ, ವಕೀಲರು, ಅಕ್ಕಪಕ್ಕದ ಕುರಿ ಸಾಕುವ ಕೆಲವರು. ವಿಚಾರಣಾಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಆಕೆಗೆ ಜೋರು ನೆಗಡಿ, ಪ್ರಶ್ನೆಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು.

ಮೊದಲು ಅಕ್ಕನನ್ನು ಕರೆದರು. ಅವಳು ಮೇಜಿನ ಮುಂದೆ ಬಂದು ಕೂತಳು. ಬೂಟುಸಾಹೇಬ ಮುಂದಿನ ಸಾಲಿನಿಂದ ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಅವನ ಕಡೆ ನೋಡಲಿಲ್ಲ.

"ನೀವು ಆ ಮನೆಯವರಾ?" ಎಂದು ಅಧಿಕಾರಿ ಕೇಳಿದರು.

"ಹುಟ್ಟಿದ್ದು ಆ ಮನೇಲಿ. ಮದುವೆ ಆದ್ಮೇಲೆ ಆ ಮನೆ ಹೊಸ್ತಿಲು ತುಳಿದಿಲ್ಲ. ಕರೆದಿಲ್ಲ."

"ಗೇಟು ಮುಚ್ಚಿದ ದಿನ ನಿಮ್ಮನ್ನ ಒಳಗೆ ಬಿಟ್ಟಿದ್ರಾ?"

"ಪ್ರತಿ ವರ್ಷ."

"ತಂದೆ ನಿಮ್ಮ ಹತ್ತಿರ ಏನಾದ್ರೂ ಮಾತಾಡ್ತಿದ್ರಾ? ಕ್ಷೇಮ ಸಮಾಚಾರ? ಮಗೂನ ಎತ್ತಿಕೊಳ್ಳೋದು?"

"ಇಲ್ಲ. ಒಂದು ಮಾತೂ ಇಲ್ಲ. ಬೀಗ ತೆಗೀತಿದ್ರು, ಹಾಕ್ತಿದ್ರು. ಮಗು ಕಡೆ ಕಣ್ಣೆತ್ತಿ ನೋಡಲಿಲ್ಲ. ದಾರಿಹೋಕರನ್ನ ಬಿಟ್ಟ ಹಾಗೆ ಬಿಟ್ರು." ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. "ನಾನು ಅವರಿಗೆ ಮಗಳಾಗಿರಲಿಲ್ಲ. ಅವರೇ ಎಲ್ಲರ ಮುಂದೆ ಹೇಳಿದಾರೆ."

ಕೋಲಿನವರ ಸಾಲಿನಲ್ಲಿ ಪಿಸುಪಿಸು ಖುಷಿ ಹರಡಿತು. ಅಕ್ಕ ಎದ್ದಳು. ಎದ್ದವಳು ತನ್ನ ಕುರ್ಚಿಯ ಕಡೆ ಹೋಗುವ ಮೊದಲು ನನ್ನತ್ತ ತಿರುಗಿದಳು. ಚಿಕ್ಕಂದಿನಲ್ಲಿ ಅವಳು ಜ್ವರ ಬಂದು ಮಲಗಿದಾಗ, ಅಪ್ಪ ಮಾರುಕಟ್ಟೆಯಿಂದ ಬಂದರಾ ಎಂದು ಕೇಳುತ್ತ ಬಾಗಿಲ ಕಡೆ ನೋಡುತ್ತಿದ್ದಳಲ್ಲ, ಅದೇ ನೋಟ. ಅವಳಿಗೆ ಕೇಸು ಗೆಲ್ಲುವುದು ಬೇಕಿರಲಿಲ್ಲ. ತಾನು ಹೇಳಿದ್ದು ಸುಳ್ಳು ಎಂದು ನಾನು ಎದ್ದು ಹೇಳಲಿ ಎಂದು ಅವಳು ಬೇಡುತ್ತಿದ್ದಳು. ಅಷ್ಟು ವರ್ಷ ಅವಳ ಮೇಲೆ ಹಲ್ಲು ಕಡಿದವಳಿಗೆ ಅಷ್ಟು ತಿಳಿಯದೇ?

ನನ್ನ ಸರದಿ ಬಂತು. ಅಧಿಕಾರಿ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದರು.

"ನಿಮ್ಮ ಅಕ್ಕ ಹೇಳಿದ್ದು ಕೇಳಿಸಿಕೊಂಡ್ರಿ. ನಿಮ್ಮ ತಂದೆ ಆಕೆಯನ್ನ ಮಗಳು ಅಂತ ಬಿಟ್ರಾ, ಯಾರೋ ಒಬ್ಬರು ಅಂತ ಬಿಟ್ರಾ? ಮನೆಯಲ್ಲಿ ಏನಾದ್ರೂ ಮಾತು, ಏನಾದ್ರೂ ಗುರುತು ಇತ್ತಾ? ಯೋಚನೆ ಮಾಡಿ ಹೇಳಿ."

ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ, ಗುರುತು ಕಣ್ಣ ಮುಂದೆಯೇ ಇತ್ತು. ಅಪ್ಪ ಗಡ್ಡದ ಗೊಡವೆಗೆ ಹೋಗುವ ಮನುಷ್ಯ ಅಲ್ಲ. ಮಾರುಕಟ್ಟೆಗೂ, ಮದುವೆಗೂ ಹಾಗೆಯೇ ಮುಳ್ಳುಮುಳ್ಳಾಗಿ ಹೋಗಿಬಿಡುತ್ತಿದ್ದರು. ಆದರೆ ಗೇಟು ಮುಚ್ಚುವ ದಿನ ನಸುಕಿನಲ್ಲೇ ಎದ್ದು ನನ್ನ ಹತ್ತಿರ ಬಿಸಿನೀರು ಕೇಳುತ್ತಿದ್ದರು. ಕಿಟಕಿಗೆ ಕನ್ನಡಿ ಒರಗಿಸಿಕೊಂಡು ನುಣ್ಣಗೆ ಹೆರೆದುಕೊಂಡು, ಒಗೆದ ಶರ್ಟು ಹಾಕಿಕೊಂಡು ಅಡುಗೆಮನೆಗೆ ಬರುತ್ತಿದ್ದರು. ಬಂದು, ಕೂದಲು ಸವರಿಕೊಂಡು, ನನ್ನನ್ನು ಕೇಳುತ್ತಿದ್ದರು, "ಸರಿ ಕಾಣ್ತೀನಾ?" ಮಳೆ ಸುರಿದ ಒಂದು ವರ್ಷ ಅವಳು ಬರುವುದು ತಡವಾಯಿತು. ಆ ದಿನ ನಾನು ಒಯ್ದ ಡಬ್ಬಿ ಹಾಗೆಯೇ ಇತ್ತು. ಅಪ್ಪ ನೆನೆದುಕೊಂಡು ರಸ್ತೆಯ ತಿರುವನ್ನೇ ನೋಡುತ್ತ ನಿಂತಿದ್ದರು. ಅವಳು ಬಂದು ಹೋದ ಮೇಲೆಯೇ ಊಟ ಮಾಡಿದರು.

ಇದನ್ನು ಹೇಳಿದರೆ ತಗ್ಗು ನನ್ನದು. ಇದನ್ನು ಹೇಳಿದರೆ ಅಪ್ಪ ಅವಳ ಪಾಲು. ನಾನು ಎಷ್ಟು ಹುಣ್ಣು ತೊಳೆದರೂ, ಎಷ್ಟು ಬಾರಿ ಬಡಿಸಿದರೂ, ಅಪ್ಪ ಬೇರೆ ಯಾವ ದಿನವೂ ನನ್ನನ್ನು ಹಾಗೆ ಕೇಳಲಿಲ್ಲ. ಅವರು ಚೆಂದ ಕಾಣಬೇಕಿದ್ದುದು ನನ್ನ ಕಣ್ಣಿಗಲ್ಲ. ಅದನ್ನು ಈ ಜನರ ಮುಂದೆ ನನ್ನ ಬಾಯಾರೆ ಹೇಳಿ, ಅವಳ ಮಡಿಲಿಗೆ ಸುರಿದು, ಅವಳು ಅದನ್ನು ಬಾಚಿಕೊಂಡು ಅಳುವುದನ್ನು ನೋಡಬೇಕಿತ್ತು. ಗಂಡ ನನ್ನ ಬೆನ್ನ ಹಿಂದೆ ಮೆಲ್ಲಗೆ ಕೆಮ್ಮಿದರು.

"ಯಾವ ಗುರುತೂ ಇಲ್ಲ," ಎಂದೆ. "ಅಪ್ಪ ಅವಳ ಹೆಸರೆತ್ತಿದವರಲ್ಲ. ಅವಳು ನಮಗೆ ಯಾರೂ ಅಲ್ಲ."

ವಕೀಲರು ಪೆಪ್ಪರ್‌ಮಿಂಟನ್ನು ಕಟಕ್ಕನೆ ಕಡಿದರು. ಅಧಿಕಾರಿ, "ಇದರ ಅರ್ಥ ಏನಾಗುತ್ತೆ ಅಂತ ನಿಮಗೆ ಗೊತ್ತಲ್ವಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಗೊತ್ತು ಎಂದೆ. ಕೋಲಿನವರು ಚಪ್ಪಾಳೆ ಹೊಡೆದರು, ಬೂಟುಸಾಹೇಬ ಎದ್ದು ನಿಂತು ಎಲ್ಲರ ಕೈ ಕುಲುಕಿದ. ಅಕ್ಕ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಗಂಡ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ. ತಣ್ಣನೆಯ ಮನುಷ್ಯನ ಸಿಟ್ಟು ಎಂಥದ್ದು ಎಂದು ಆವತ್ತು ತಿಳಿಯಿತು.

ತೀರ್ಪು ಬಂತು, ದಾರಿ ಜನರದ್ದಾಯಿತು. ಇಲಾಖೆಯವರು ಬಂದು ಗೇಟು ಕಿತ್ತು, ಒಬ್ಬರು ತೂರಿ ಹೋಗುವಷ್ಟು ಕಿಂಡಿ ಬಿಟ್ಟು, ಹಸಿರು ಬಣ್ಣದ ಬೋರ್ಡು ನೆಟ್ಟು ಹೋದರು. ಕುರಿಗಳಿಗೆ ಹೊಟ್ಟೆ ಇಳಿದು ಕೆಚ್ಚಲು ತುಂಬಿ ಬಂದಿತ್ತು. ತಗ್ಗಿಗೆ ಇಳಿಸಿದರೆ ಕೋಲಿನವರು, ನಾಯಿಗಳು. ಮೇಲೆ ಬಿಟ್ಟರೆ ಗಾಳಿ. ನಾನು ದಿನವೂ ತಗ್ಗಿನ ಅಂಚಿಗೆ ಹೋಗಿ ನಿಂತು ಎರಡನ್ನೂ ತೂಗಿ ನೋಡುತ್ತಿದ್ದೆ. ಕೊನೆಗೆ ದೇವರ ಮೇಲೆ ಭಾರ ಹಾಕಿ ತಗ್ಗಿಗೇ ಇಳಿಸಿದೆವು.

ಮೊದಲ ಮರಿಗಳು ಹುಟ್ಟಿದ ವಾರ ಒಂದು ಬೆಳಗ್ಗೆ ಅಕ್ಕ ಬಂದಳು. ಕಿಂಡಿಯ ಆಚೆಯೇ ನಿಂತಳು, ಒಳಗೆ ಬರಲಿಲ್ಲ. ಹತ್ತಿರದಿಂದ ನೋಡಿದರೆ ಕೆನ್ನೆಯ ಪಕ್ಕದ ಕೂದಲೆಲ್ಲ ನರೆತಿತ್ತು. ನಾನು ಮೊಣಕಾಲೂರಿ ಒಂದು ಮರಿಯ ಮೂಗಿನ ಲೋಳೆ ಒರೆಸುತ್ತಿದ್ದೆ.

"ಜಗಳಕ್ಕೆ ಬಂದಿಲ್ಲ," ಎಂದಳು. "ಮರಿ ಹಾಕೋ ಕಾಲ ಮುಗಿಯೋ ತನಕ ಸಂಘದವರು ಯಾರೂ ಈ ದಾರೀಲಿ ಬರಲ್ಲ. ರಸ್ತೆ ಸುತ್ತಿ ಮೇಲೆ ಹೋಗ್ತಾರೆ. ಹಕ್ಕಿದ್ರೂ ಬರಲ್ಲ. ಎಲ್ಲರ ಹತ್ತಿರ ಒಪ್ಪಿಸಿದೀನಿ. ಪ್ರತಿ ವರ್ಷ ಹೀಗೇ ಇರುತ್ತೆ. ಗಬ್ಬದ ಕುರಿ ಅಂದ್ರೆ ಏನು ಅಂತ ನನಗೂ ಗೊತ್ತು, ನಾನೂ ಇಲ್ಲೇ ಹುಟ್ಟಿದವಳು."

ಬೇಕಾದ್ದು ಕೈಗೆ ಬಂದಿತ್ತು, ಕೇಳದೆಯೇ.

"ಇದಕ್ಕೆ ಬದಲು ಏನೂ ಬೇಡ ನನಗೆ," ಎಂದಳು. ಆಮೇಲೆ ಬ್ಯಾಗಿನ ಪಟ್ಟಿ ತಿರುಚಿದಳು. "ಒಂದು ಮಾತು ಕೇಳ್ತೀನಿ. ಇಲ್ಲಿ ಯಾರೂ ಬರ್ಕೊಳ್ಳೋರಿಲ್ಲ, ಕೇಸಿಲ್ಲ. ಅಪ್ಪ ಅಲ್ಲಿ ಕೂತಿರ್ತಿದ್ರಲ್ಲ... ಗೇಟಿಗೋಸ್ಕರ ಕೂತಿರ್ತಿದ್ರಾ, ನನಗೋಸ್ಕರ ಕೂತಿರ್ತಿದ್ರಾ?"

ನನ್ನ ಕೈಯಲ್ಲಿದ್ದ ಮರಿ ಕಾಲು ಬಡಿಯಿತು. ಈಗ ಕಳೆದುಕೊಳ್ಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ತಗ್ಗನ್ನೂ ಅವಳೇ ವಾಪಸ್ ಕೊಟ್ಟಿದ್ದಳು. ನಿಜ ಹೇಳಿದರೆ ಖರ್ಚಿಲ್ಲ. ಬಾಯಿ ತೆರೆದೆ. ನಿನಗೋಸ್ಕರ ಎನ್ನಲು ನಾಲಿಗೆ ಎದ್ದದ್ದೂ ನಿಜ.

"ಗೇಟಿಗೋಸ್ಕರ," ಎಂದೆ.

ಅವಳು ತಲೆಯಾಡಿಸಿದಳು. "ಹೂಂ. ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದು ನಕ್ಕ ಹಾಗೆ ಮಾಡಿ, ಬಂದ ದಾರಿಯಲ್ಲೇ ತಿರುಗಿ ನಡೆದಳು. ತಿರುವಿನವರೆಗೆ ಅವಳ ಬೆನ್ನು ಕಾಣುತ್ತಿತ್ತು. ಅಕ್ಕಾ ಎಂದು ಒಂದು ಸಲ ಕೂಗಿದ್ದರೆ ಕೇಳಿಸುವಷ್ಟು ದೂರ. ನನ್ನ ಹಿಂದೆ ಇನ್ನೊಂದು ಕುರಿ ನೋವಿಗೆ ನರಳಲು ಶುರು ಮಾಡಿತು, ನಾನು ಎದ್ದು ಅದರ ಹತ್ತಿರ ಹೋದೆ.

ಆ ವರ್ಷ ಒಂದು ಮರಿಯೂ ಸಾಯಲಿಲ್ಲ. ಸಂಘದವರು ಮಾತು ಉಳಿಸಿಕೊಂಡರು, ಈಗಲೂ ಉಳಿಸಿಕೊಂಡಿದ್ದಾರೆ. ಈಯುವ ಕಾಲ ಕಳೆದ ಮೇಲೆ ದಾರಿ ಎಲ್ಲರಿಗೂ ತೆರೆದೇ ಇರುತ್ತದೆ. ಕಿಂಡಿ ದಾಟುವವರ ಮುಖವನ್ನು ನಾನು ಒಬ್ಬೊಬ್ಬರಾಗಿ ನೋಡುತ್ತೇನೆ. ಅಕ್ಕ ಬರುವುದಿಲ್ಲ.